28 ಇಂಚಿನ ಟೈರು 28 ಇಂಚಿನ ರಿಮ್ಮಿಗೆ ಕೂರುತ್ತಿಲ್ಲ, ಯಾಕೆ?

ಪಿಜೆ_ಬಡಾವಣೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ದುರ್ಗದ ಕಡೆ ಸೈಕಲ್ ರಿಪೇರಿ ಗೊತ್ತಿರುವವರು ಸ್ವಲ್ಪ ಹೇಳಿ. ಮನೆಯಲ್ಲಿ ಅಪ್ಪನ ಹಳೇ ಕರಿ ಸೈಕಲ್ ಇದೆ, ರಾಡ್ ಬ್ರೇಕಿನದು. ಬೆಳಿಗ್ಗೆ ಕುಂದವಾಡ ಕೆರೆವರೆಗೆ ಹೋಗಿ ಬರೋಣ ಅಂತ ಹೊರಗೆ ತೆಗೆದೆ. ಎರಡೂ ಟೈರು ಬಿರುಕು ಬಿಟ್ಟಿವೆ. ಹಳೇ ಟೈರಿನ ಮೇಲೆ 28 × 1½ ಅಂತ ಓದಲು ಬರುತ್ತೆ, ಉಳಿದದ್ದೆಲ್ಲ ಅಳಿಸಿ ಹೋಗಿದೆ. ಒಂದು ಅಂಗಡಿಯಲ್ಲಿ ಇದನ್ನೇ ಹೇಳಿದೆ, 28 × 1.50 ಅಂತ ಬರೆದ ಟೈರು ಕೊಟ್ಟರು. ಮನೆಗೆ ತಂದು ಹಾಕಲು ಹೋದರೆ ಕಾಲು ಭಾಗ ಹೊರಗೇ ಉಳಿಯುತ್ತೆ. ಲಿವರ್ ಹಾಕಿ ಎಷ್ಟು ಒತ್ತಿದರೂ ಒಳಗೆ ಹೋಗ್ತಿಲ್ಲ. ಒಂದೂವರೆ ಅಂದರೆ ಒಂದೂವರೆನೇ ಅಲ್ವಾ? ಟೈರಿನದು ತಪ್ಪೋ, ರಿಮ್ ಬೆಂಡಾಗಿದೆಯೋ?

ಕಡ್ಡಿ_ನಿಪ್ಪಲ್

ಸರ್, ಒತ್ತೋದು ನಿಲ್ಲಿಸಿ, ಟೈರಿನ ಅಂಚಿನ ತಂತಿ ಮುರಿದರೆ ಅಂಗಡಿಯವರು ವಾಪಸ್ ತಗೊಳ್ಳಲ್ಲ. ಟೈರೂ ಸರಿ ಇದೆ, ರಿಮ್ಮೂ ಸರಿ ಇದೆ. ಎರಡರ ಅಳತೆ ಬೇರೆ. ಹೊಸ ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ನಂಬರ್ ಇರುತ್ತೆ, ನಡುವೆ ಗೆರೆ ಹಾಕಿದ್ದು. ನಿಮ್ಮದರಲ್ಲಿ 40-622 ಅಂತ ಇರಬೇಕು. ನೋಡಿ ಹೇಳಿ. ಅಪ್ಪನ ಸೈಕಲ್ಲಿಗೆ ಬೇಕಾದ್ದು 40-635.

ಪಿಜೆ_ಬಡಾವಣೆ

ಹೌದು ಸರ್, 40-622 ಅಂತಲೇ ಇದೆ! ನೋಡದೆ ಹೇಗೆ ಹೇಳಿದಿರಿ? ಮತ್ತೆ ಇದು 622 ಆದರೆ ಇದರ ಮೇಲೂ 28 ಅಂತ ಯಾಕೆ ಬರೆದಿದ್ದಾರೆ?

ಕಡ್ಡಿ_ನಿಪ್ಪಲ್

ಅದೇ ದೊಡ್ಡ ಕಥೆ. ಸ್ವಲ್ಪ ಉದ್ದ ಬರೀತೀನಿ, ಚಹಾ ತಗೊಂಡು ಕೂತ್ಕೊಳ್ಳಿ.

ಮೊದಲು ನಂಬರ್ ಓದೋದು. 40-635 ಅಂದರೆ ಗಾಳಿ ತುಂಬಿದ ಟೈರಿನ ಅಗಲ ಸುಮಾರು 40 ಮಿ.ಮೀ. 635 ಅಂದರೆ ಟೈರಿನ ಅಂಚಿನ ತಂತಿ ರಿಮ್ಮಿನೊಳಗೆ ಕೂರುವ ಜಾಗದ ವ್ಯಾಸ, ಅದೂ ಮಿ.ಮೀ. ಲೆಕ್ಕದಲ್ಲಿ. ಟೈರು ಕೂರುತ್ತೋ ಇಲ್ಲವೋ ಅನ್ನೋದನ್ನ ತೀರ್ಮಾನ ಮಾಡೋದು ಈ ಎರಡನೇ ನಂಬರ್ ಮಾತ್ರ. ಅದು ಒಂದು ಮಿ.ಮೀ. ಕೂಡ ಆಚೀಚೆ ಆಗಬಾರದು. ಮೊದಲನೇ ನಂಬರ್ ಸ್ವಲ್ಪ ಹೆಚ್ಚು ಕಮ್ಮಿ ಆದರೆ ನಡೆಯುತ್ತೆ. ಇದನ್ನ ಇಟಿಆರ್‌ಟಿಒ (ಯುರೋಪಿನ ಟೈರು-ರಿಮ್ ಸಂಸ್ಥೆ) ನಂಬರ್ ಅಂತಾರೆ, ಐಎಸ್‌ಒ 5775 ಅನ್ನೋ ಮಾನದಂಡದಲ್ಲಿರೋದೂ ಇದೇ.

ಇನ್ನು ಇಂಚು. ಹಿಂದಿನ ಕಾಲದಲ್ಲಿ 28 ಇಂಚು ಅಂದರೆ ರಿಮ್ಮಿನ ಅಳತೆ ಅಲ್ಲ, ಗಾಳಿ ತುಂಬಿದ ಟೈರಿನ ಹೊರಗಿನ ವ್ಯಾಸ. ನೆಲದಿಂದ ಟೈರಿನ ತುದಿವರೆಗೆ. ನೀವೇ ಲೆಕ್ಕ ಹಾಕಿ. 635ಕ್ಕೆ ಎರಡೂ ಕಡೆಯ ಒಂದೂವರೆ ಇಂಚು, ಅಂದರೆ 38 ಮತ್ತು 38 ಸೇರಿಸಿ. 711 ಮಿ.ಮೀ. 28 ಇಂಚು ಅಂದರೂ 711. ಸರಿ ಹೊಂದಿತಾ?

ಈಗ ಅದೇ 28 ಇಂಚಿನ ಚಕ್ರಕ್ಕೆ ದಪ್ಪ ಟೈರು ಬೇಕು ಅಂದುಕೊಳ್ಳಿ. ಹೊರಗಿನ ಅಳತೆ ಬದಲಾಗಬಾರದು ಅಂದರೆ ರಿಮ್ ಚಿಕ್ಕದಾಗಬೇಕು. ಫ್ರಾನ್ಸಿನವರು ಇದಕ್ಕೆ ಅಕ್ಷರ ಇಟ್ಟರು. 700ಎ ತೆಳು ಟೈರು, ರಿಮ್ 642. 700ಬಿ ಸ್ವಲ್ಪ ದಪ್ಪ, ರಿಮ್ 635. 700ಸಿ ಇನ್ನೂ ದಪ್ಪ, ರಿಮ್ 622. ಮೂರರದ್ದೂ ಹೊರಗಿನ ವ್ಯಾಸ ಹೆಚ್ಚು ಕಡಿಮೆ 700 ಮಿ.ಮೀ. ನಿಮ್ಮ ಅಪ್ಪನ ಕರಿ ಸೈಕಲ್ಲು ಈ 700ಬಿ. ಈಗಿನ ಹೈಬ್ರಿಡ್ (ಡಾಂಬರಿಗೂ ಕಚ್ಚಾ ರಸ್ತೆಗೂ ಆಗೋ ನಡುವಿನ ತರಹ), ರೋಡ್ ಸೈಕಲ್ಲುಗಳೆಲ್ಲ 700ಸಿ. ಆಮೇಲೆ 622ರ ರಿಮ್ಮಿಗೆ ತೆಳು ಟೈರು, ದಪ್ಪ ಟೈರು ಎಲ್ಲಾ ಬಂದವು, ಆದರೆ ಹಳೇ ಹೆಸರು ಹಾಗೇ ಉಳಿಯಿತು. ಹಾಗಾಗಿ ಇವತ್ತು 28 ಅನ್ನೋದು ಅಳತೆ ಅಲ್ಲ, ಸುಮ್ನೆ ಒಂದು ಹೆಸರು.

635ರಲ್ಲಿ 622 ಕಳೆದರೆ 13 ಮಿ.ಮೀ. ನೀವು ಗುದ್ದಾಡುತ್ತಿದ್ದದ್ದು ಆ 13 ಮಿ.ಮೀ. ಜೊತೆ.

ಬಾತಿಗುಡ್ಡ

ವ್ಹಾ! 711 ಲೆಕ್ಕ ನೋಡಿ ತಲೆ ತಿರುಗಿತು. ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನೂ ಗಣಿತದಲ್ಲಿ ಪಾಸಾಗುತ್ತಿದ್ದೆ.

ಜೋಗಿಮಟ್ಟಿ_ಏರು

28ರದ್ದು ಏನೂ ಅಲ್ಲ, 26 ಇಂಚಿನದು ಇದಕ್ಕಿಂತ ದೊಡ್ಡ ಗೋಜಲು. 26 ಅಂತ ಕರೆಯೋ ರಿಮ್ಮುಗಳನ್ನ ನೋಡಿ. 26 × 1⅜ ಅಂದರೆ 590, ನಮ್ಮ ಕಡೆಯ ಲೇಡೀಸ್ ಸೈಕಲ್, ಹಗುರದ ರೋಡ್‌ಸ್ಟರ್‌ಗಳಲ್ಲಿ ಹೆಚ್ಚಾಗಿ ಇದೇ. 26 × 1½ ಅಂದರೆ 584. 26 × 1¾ ಅಂದರೆ 571. ಗುಂಡಿಗುಂಡಿ ಟೈರಿನ ಎಂಟಿಬಿಗಳಲ್ಲಿ (ಮೌಂಟನ್ ಬೈಕ್) ಬರೋ 26 × 1.95, 26 × 2.10 ಅಂದರೆ 559. ಕಡ್ಡಿ_ನಿಪ್ಪಲ್ ಸರ್ ಹೇಳಿದ ಲೆಕ್ಕ ಇಲ್ಲೂ ಸರಿ ಬರುತ್ತೆ. 590ಕ್ಕೆ ಎರಡು 35 ಸೇರಿಸಿ, 660. 584ಕ್ಕೆ ಎರಡು 38, ಮತ್ತೆ 660. 559ಕ್ಕೆ ಎರಡು 51, 661. 26 ಇಂಚು ಅಂದರೆ 660. ಹೊರಗಿನ ಅಳತೆ ಒಂದೇ, ಒಳಗಿನ ರಿಮ್ ಬೇರೆ ಬೇರೆ.

ಈ 559 ಬಂದದ್ದು ಅಮೆರಿಕದಿಂದ. ಶ್ವಿನ್ ಕಂಪನಿ 1933ರಲ್ಲಿ 26 × 2.125 ದಪ್ಪ ಬಲೂನ್ ಟೈರು ತಂದಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಆ ಹಳೇ ಗುಜರಿ ಸೈಕಲ್ಲುಗಳನ್ನೇ ಬೆಟ್ಟದಿಂದ ಇಳಿಸಲು ಶುರು ಮಾಡಿದರು. ಎಂಟಿಬಿ ಹುಟ್ಟಿದ್ದು ಅಲ್ಲಿ, ಅದಕ್ಕೇ ಅದರ ಚಕ್ರ 559.

ಹರಿಹರದ_ಹುಡುಗ

ಅಂದ್ರೆ ಸಿಂಪಲ್ ರೂಲ್, ಚುಕ್ಕಿ ಇದ್ದರೆ ಹೊಸದು, ಭಿನ್ನರಾಶಿ ಇದ್ದರೆ ಹಳೇದು. ಚುಕ್ಕಿಯದು ಚುಕ್ಕಿಯದಕ್ಕೆ, ಭಿನ್ನರಾಶಿ ಭಿನ್ನರಾಶಿಗೆ. ಅಷ್ಟೇ ತಾನೇ?

ಕಡ್ಡಿ_ನಿಪ್ಪಲ್

ಸುಮಾರಾಗಿ ಹೌದು, ಆದರೆ ಅದನ್ನೇ ನಂಬಿ ದುಡ್ಡು ಕೊಡಬೇಡ ತಮ್ಮಾ. ಹೈಬ್ರಿಡ್‌ಗೆ ಬರೋ 37-622 ಟೈರಿನ ಮೇಲೆ 28 × 1⅝ × 1⅜ ಅಂತಲೂ ಬರೆದಿರ್ತಾರೆ. ಭಿನ್ನರಾಶಿ ಇದೆ ಅಂತ ಅಪ್ಪನ ಕರಿ ಸೈಕಲ್ಲಿಗೆ ತಂದರೆ ಮತ್ತೆ ಇದೇ ಪಾಡು. ಒಂದೇ ದಾರಿ, ಗೆರೆಯ ಬಲಗಡೆಯ ಮೂರು ಅಂಕಿ ನೋಡು.

ಮಂಡಿಪೇಟೆ_ಹಳಬ

ನಿಮ್ಮ ನಂಬರ್ ಪುರಾಣ ಎಲ್ಲಾ ಸರಿ. ನಮ್ಮಪ್ಪನ ಕಾಲದಿಂದ ನಮ್ಮದು ಸೈಕಲ್ ಕೆಲಸ. ನಾವು ಯಾವತ್ತೂ 622, 635 ಅಂತ ನೋಡಿದವರಲ್ಲ. ಗಿರಾಕಿ ಹಳೇ ಟೈರು ತಂದರೆ ಹೊಸದರ ಪಕ್ಕ ಹಿಡಿದು ನೋಡ್ತೀವಿ, ಕೈಗೆ ಗೊತ್ತಾಗುತ್ತೆ. ಹಳ್ಳಿಯಿಂದ ಬರೋ ರೈತರಿಗೆ ಇಟಿ ಗಿಟಿ ಅಂತ ಹೇಳಿದರೆ ಎದ್ದು ಹೋಗ್ತಾರೆ. ಆ ಅಂಗಡಿಯವನದೇ ತಪ್ಪು, ಹಳೇ ಟೈರು ತನ್ನಿ ಅಂತ ಕೇಳಬೇಕಿತ್ತು.

ಕಡ್ಡಿ_ನಿಪ್ಪಲ್

ಯಜಮಾನ್ರೇ, ನಿಮ್ಮ ಕೈ ಲೆಕ್ಕಕ್ಕೆ ನಾನು ಎದುರು ಮಾತಾಡಲ್ಲ. ಆದರೆ ನಿಮ್ಮ ಕಾಲದಲ್ಲಿ ಅಂಗಡಿಯಲ್ಲಿ ನೇತಾಡ್ತಿದ್ದದ್ದು ನಾಲ್ಕೈದು ತರದ ಟೈರು. ಕರಿ ಸೈಕಲ್ಲಿನದು, ಲೇಡೀಸ್‌ದು, ಮಕ್ಕಳದು. ಈಗ 559, 584, 590, 622, 635 ಎಲ್ಲಾ ಒಂದೇ ಗೋಡೆಗೆ ನೇತಾಡ್ತಿವೆ. 584 ಮತ್ತು 590ಕ್ಕೆ ಇರೋ ವ್ಯತ್ಯಾಸ ಬರೀ 6 ಮಿ.ಮೀ. ಪಕ್ಕ ಹಿಡಿದರೆ, ಅದರಲ್ಲೂ ಹಳೇದು ಸೊಟ್ಟಗಾಗಿದ್ದರೆ, ಎಂಥಾ ಕೈಗೂ ಗೊತ್ತಾಗಲ್ಲ. ಆನ್‌ಲೈನ್‌ನಲ್ಲಿ ತರಿಸುವವರಂತೂ ಪಕ್ಕ ಹಿಡಿಯೋದು ಹೇಗೆ?

ಮಂಡಿಪೇಟೆ_ಹಳಬ

ಆನ್‌ಲೈನ್‌ನಲ್ಲಿ ಯಾಕೆ ತರಿಸಬೇಕು, ಊರಲ್ಲಿ ಅಂಗಡಿ ಇಲ್ವಾ? ಆದರೆ 6 ಮಿ.ಮೀ. ವಿಷಯ ಒಪ್ಪಿದೆ. ಲೇಡೀಸ್ ಸೈಕಲ್ಲಿನ ಟೈರು ಕೆಲವು ಸಲ ಲೂಸಾಗಿ ತಿರುಗೋದು, ಅದಕ್ಕೇ ಇರಬೇಕು.

ಚಂದ್ರವಳ್ಳಿ_ತೋಟ

ಲೂಸಾಗಿ ತಿರುಗೋದು ಅಂದ್ರಲ್ಲ, ಅದು ಬಿಗಿಯಾಗಿರೋದಕ್ಕಿಂತ ಅಪಾಯ ಅಲ್ವಾ? ಬಿಗಿ ಇದ್ದರೆ ಕೂರೋದೇ ಇಲ್ಲ, ಮನೆಯಲ್ಲೇ ಗೊತ್ತಾಗುತ್ತೆ.

ಕಡ್ಡಿ_ನಿಪ್ಪಲ್

ಹೌದು ಮೇಡಂ, ಎಲ್ಲರೂ ಗಮನಿಸಿ. 635ರ ಟೈರನ್ನ 622ರ ರಿಮ್ಮಿಗೆ ಹಾಕಿದರೆ ಆರಾಮಾಗಿ ಒಳಗೆ ಹೋಗುತ್ತೆ, ಲಿವರ್ ಕೂಡ ಬೇಡ. ಗಾಳಿ ಹೊಡೆದಾಗ ಒಂದು ಕಡೆ ಎದ್ದು ನಿಲ್ಲುತ್ತೆ, ಚಕ್ರ ತಿರುಗಿಸಿದರೆ ಕುಣಿಯುತ್ತೆ. ಗಾಳಿ ಜಾಸ್ತಿ ಮಾಡಿದರೆ ಟೈರು ರಿಮ್ಮಿನಿಂದ ಆಚೆ ಬಂದು ಟ್ಯೂಬ್ ಢಮಾರ್. ನಿಂತಾಗ ಆದರೆ ಪುಣ್ಯ, ಹೈವೇಯಲ್ಲಿ ಇಳಿಜಾರಿನಲ್ಲಿ ಆದರೆ? ಟೈರು ಸುಲಭವಾಗಿ ಕೂತಿತು ಅಂತ ಖುಷಿ ಪಡೋದಲ್ಲ. ಟೈರಿನ ಪಕ್ಕದಲ್ಲಿ ಸುತ್ತಲೂ ಒಂದು ತೆಳು ಗೆರೆ ಎದ್ದಿರುತ್ತೆ. ಅದು ರಿಮ್ಮಿನ ಅಂಚಿನಿಂದ ಎಲ್ಲಾ ಕಡೆ ಒಂದೇ ದೂರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ.

ಪಿಜೆ_ಬಡಾವಣೆ

ನನ್ನ ಹಳೇ ಟೈರಿನಲ್ಲಿ ನಂಬರ್ ಅಳಿಸಿದೆ. 635 ಅಂತ ಗ್ಯಾರಂಟಿ ಮಾಡ್ಕೊಳ್ಳೋದು ಹೇಗೆ? ಮತ್ತೊಮ್ಮೆ ತಂದು ವಾಪಸ್ ಕೊಡಲು ಹೋಗಲು ನನಗೆ ಮುಖ ಇಲ್ಲ.

ಜೋಗಿಮಟ್ಟಿ_ಏರು

ಟೇಲರ್ ಟೇಪು ತಗೊಳ್ಳಿ. ಹಳೇ ಟೈರನ್ನ ಬಿಚ್ಚಿ, ಅಂಚಿನ ತಂತಿಯ ಒಳಗಡೆ ಟೇಪನ್ನ ಸುತ್ತಲೂ ಒತ್ತಿ ಹಿಡಿದು ಸುತ್ತಳತೆ ತೆಗೀರಿ. ಒಬ್ಬರೇ ಆದರೆ ಕಷ್ಟ, ಮನೆಯವರನ್ನ ಕರೀರಿ. 635 ಆದರೆ 199.5 ಸೆಂ.ಮೀ. ಹತ್ತಿರ ಬರಬೇಕು. 622 ಆದರೆ 195.4. 590 ಆದರೆ 185.4, 584 ಆದರೆ 183.5, 559 ಆದರೆ 175.6. 635ಕ್ಕೂ 622ಕ್ಕೂ ಸುತ್ತಳತೆಯಲ್ಲಿ ನಾಲ್ಕು ಸೆಂ.ಮೀ. ವ್ಯತ್ಯಾಸ, ಟೇಪಿನಲ್ಲಿ ಕಣ್ಣಿಗೆ ಹೊಡೆಯುತ್ತೆ. ವ್ಯಾಸ ಅಳೆಯಲು ಹೋಗಬೇಡಿ, ಟೈರು ಗುಂಡಗೆ ನಿಲ್ಲಲ್ಲ, ಲೆಕ್ಕ ಹಾಳಾಗುತ್ತೆ.

ಪಿಜೆ_ಬಡಾವಣೆ

ಹೆಂಡತಿಯ ಟೇಪು, ಹೆಂಡತಿಯದೇ ಸಹಾಯ. 199ಕ್ಕೂ 200ಕ್ಕೂ ನಡುವೆ ಬಂತು. 635 ಖಾತ್ರಿ. ಇನ್ನೊಂದು ಪ್ರಶ್ನೆ. 622ರ ಟೈರು ಹೇಗೂ ಇದೆ, ಟೈರು ವಾಪಸ್ ಕೊಡುವ ಬದಲು ರಿಮ್ಮನ್ನೇ 622ಕ್ಕೆ ಬದಲಾಯಿಸಿದರೆ? ಮುಂದೆ ಒಳ್ಳೆ ಒಳ್ಳೆ ಟೈರು ಸಿಗುತ್ತಲ್ಲ.

ಮಂಡಿಪೇಟೆ_ಹಳಬ

ಬೇಡ ಬೇಡ. ರಾಡ್ ಬ್ರೇಕ್ ಅಂದಿರಲ್ಲ. ಅದರ ರಬ್ಬರ್ ರಿಮ್ಮಿನ ಪಕ್ಕಕ್ಕೆ ಒತ್ತಲ್ಲ, ಒಳಗಡೆಯಿಂದ, ಕಡ್ಡಿ ಇರೋ ಕಡೆಯಿಂದ ಮೇಲಕ್ಕೆ ಎಳೆದು ಹಿಡಿಯುತ್ತೆ. ಅದಕ್ಕೆ ಆ ರಿಮ್ಮಿನಲ್ಲಿ ಎರಡೂ ಬದಿ ಅಗಲದ ಪಟ್ಟಿ ಇದೆ. ಹೈಬ್ರಿಡ್ ರಿಮ್ಮಿನಲ್ಲಿ ಆ ಪಟ್ಟಿ ಇರಲ್ಲ. ಬ್ರೇಕು ಎಲ್ಲಿ ಹಿಡಿಯುತ್ತೆ? ಕರಿ ಸೈಕಲ್ಲಿಗೆ ಕರಿ ಸೈಕಲ್ಲಿನ ಟೈರೇ. ಇವತ್ತಿಗೂ ಹಾಲಿನವರು, ಸೊಪ್ಪಿನವರು ಓಡಿಸೋದು ಅದನ್ನೇ, ಟೈರು ಎಲ್ಲಾ ಕಡೆ ಸಿಗುತ್ತೆ, ಬೆಲೆಯೂ ಕಮ್ಮಿ.

ಕಡ್ಡಿ_ನಿಪ್ಪಲ್

ಈ ಮಾತಿಗೆ ನನ್ನದೂ ಒಂದು ಓಟು.

ವಿದ್ಯಾನಗರ_ಅಮ್ಮ

ನಡುವೆ ಬಾಯಿ ಹಾಕ್ತಿದೀನಿ, ಬೇಜಾರಾಗಬೇಡಿ. ಮಗಳಿಗೆ ಎಂಟು ವರ್ಷ. ಒಂದು ಅಂಗಡಿಯಲ್ಲಿ 20 ಇಂಚು ಅಂತಾರೆ, ಇನ್ನೊಂದು ಕಡೆ 24 ತಗೊಳ್ಳಿ ಬೆಳೀತಾಳೆ ಅಂತಾರೆ. ನಮ್ಮಣ್ಣ ಹೇಳ್ತಾನೆ, 24 ಇಂಚು ಅಂದರೆ ಅಪ್ಪನ ಸೈಕಲ್ಲು, ಅದು ಆಳೆತ್ತರ ಇತ್ತು ಅಂತ. ಯಾವುದು ನಿಜ?

ಜೋಗಿಮಟ್ಟಿ_ಏರು

ನಿಮ್ಮಣ್ಣನೂ ಸರಿ, ಅಂಗಡಿಯವರೂ ಸರಿ ಅಕ್ಕ. ಕರಿ ಸೈಕಲ್ಲನ್ನ 22 ಇಂಚು, 24 ಇಂಚು ಅಂತ ಮಾರೋದು ಫ್ರೇಮಿನ ಅಳತೆಯಲ್ಲಿ. ಪೆಡಲ್ ಕಡ್ಡಿ ತಿರುಗೋ ಜಾಗದಿಂದ ಸೀಟಿನ ಕೆಳಗಿನ ಪೈಪಿನ ತುದಿವರೆಗೆ. ಅದರ ಚಕ್ರ ಎರಡಕ್ಕೂ 28. ಮಕ್ಕಳ ಸೈಕಲ್ಲನ್ನ 16, 20, 24 ಅಂತ ಮಾರೋದು ಚಕ್ರದ ಅಳತೆಯಲ್ಲಿ. ಎಂಟಿಬಿ ತಗೊಳ್ಳುವಾಗ ಎರಡೂ ಬರುತ್ತೆ, 27.5 ಚಕ್ರ, 18 ಇಂಚು ಫ್ರೇಮು ಅಂತ. ಅಂಗಡಿಯಲ್ಲಿ ಯಾವುದರ ಇಂಚು ಅಂತ ಕೇಳಿ.

ಎಂಟು ವರ್ಷಕ್ಕೆ ಸಾಮಾನ್ಯವಾಗಿ 20. ಆದರೆ ವಯಸ್ಸಿಗಿಂತ ಕಾಲಿನ ಉದ್ದ ಮುಖ್ಯ. ಸೀಟನ್ನ ಪೂರ್ತಿ ಇಳಿಸಿ ಕೂರಿಸಿ, ಎರಡೂ ಕಾಲು ನೆಲಕ್ಕೆ ತಾಗಬೇಕು, ಬ್ರೇಕ್ ಲಿವರ್ ಬೆರಳಿಗೆ ಸಿಗಬೇಕು. ಬೆಳೀತಾಳೆ ಅಂತ ಎರಡು ಸೈಜ್ ದೊಡ್ಡದು ತರೋದು ನಮ್ಮ ಕಡೆ ಚಪ್ಪಲಿಯಿಂದ ಹಿಡಿದು ಯೂನಿಫಾರ್ಮ್‌ವರೆಗೆ ಇರೋ ಅಭ್ಯಾಸ. ಸೈಕಲ್ಲಲ್ಲಿ ಮಾತ್ರ ಅದು ಬೇಡ, ಕಾಲು ಎಟುಕದೆ ಬಿದ್ದರೆ ಮಗು ಆಮೇಲೆ ಹತ್ತೋದೇ ಇಲ್ಲ.

ಬಾತಿಗುಡ್ಡ

ನಾವೆಲ್ಲ ಅಪ್ಪನ ಸೈಕಲ್ಲಿನ ಫ್ರೇಮಿನೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವರು ಅಕ್ಕ. ಮಂಡಿಯಲ್ಲಿ ಗುರುತು ಇನ್ನೂ ಇದೆ.

ಕಡ್ಡಿ_ನಿಪ್ಪಲ್

ಮಕ್ಕಳ ಸೈಕಲ್ಲಿಗೂ ಟೈರು ಬದಲಾಯಿಸುವಾಗ ನಂಬರ್ ನೋಡಿ ಮೇಡಂ. 20 ಇಂಚಿನಲ್ಲೂ ಎರಡು ಜಾತಿ. 20 × 1.75, 20 × 2.0 ದಪ್ಪದ್ದು 406. 20 × 1⅜ ತೆಳುವಾದದ್ದು 451. ಮಕ್ಕಳ ಸೈಕಲ್ಲುಗಳಲ್ಲಿ ಹೆಚ್ಚಾಗಿ 406 ಇರುತ್ತೆ. 24ರಲ್ಲಿ 507 ದಪ್ಪದ್ದು, 540 ತೆಳುವಾದದ್ದು. 540 ವೀಲ್‌ಚೇರ್‌ಗೂ ಬರುತ್ತೆ.

ಎನ್‌ಎಚ್48_ಸವಾರ

ನನ್ನ ಪ್ರಶ್ನೆ. ದಾವಣಗೆರೆಯಿಂದ ಆನಗೋಡು, ಭರಮಸಾಗರ ದಾಟಿ ದುರ್ಗಕ್ಕೆ ರೋಡ್ ಸೈಕಲ್ಲಲ್ಲಿ ಹೋಗ್ತೀನಿ. ಟೈರು 25-622. ಸರ್ವಿಸ್ ರಸ್ತೆಗೆ ಇಳಿದರೆ ಹಲ್ಲು ಉದುರೋ ಹಾಗೆ ಕುಲುಕುತ್ತೆ, ಮೇಲೆ ಬಳ್ಳಾರಿ ಜಾಲಿ ಮುಳ್ಳು ಬೇರೆ. 35 ಹಾಕಬಹುದಾ? ಎರಡನೇ ನಂಬರ್ ಒಂದೇ ಇದ್ದರೆ ಸಾಕು ಅಂದಿರಲ್ಲ.

ಜೋಗಿಮಟ್ಟಿ_ಏರು

ರಿಮ್ಮಿಗೆ ಕೂರುತ್ತೆ. ಫ್ರೇಮಿನೊಳಗೆ ಜಾಗ ಇದೆಯಾ ಅನ್ನೋದು ಬೇರೆ ಪ್ರಶ್ನೆ. ಮೂರು ಕಡೆ ನೋಡಿ. ಮುಂದಿನ ಫೋರ್ಕಿನ ಮೇಲ್ಭಾಗ, ಬ್ರೇಕಿನ ಕೆಳಗೆ, ಹಿಂದೆ ಪೆಡಲ್ ಹತ್ತಿರ ಫ್ರೇಮಿನ ಎರಡು ಪೈಪುಗಳ ನಡುವೆ. ಟೈರು ತಿರುಗುವಾಗ ಸುತ್ತಲೂ ನಾಲ್ಕೈದು ಮಿ.ಮೀ. ಖಾಲಿ ಇರಬೇಕು, ಇಲ್ಲದಿದ್ದರೆ ಎರೆಮಣ್ಣು ಮೆತ್ತಿಕೊಂಡು ಚಕ್ರ ನಿಂತೇ ಹೋಗುತ್ತೆ. ನಮ್ಮ ಎರೆ ಮಳೆಗಾಲದಲ್ಲಿ ಹೇಗೆ ಅಂತ ನಿಮಗೆ ಹೇಳಬೇಕಾ? ರಿಮ್ ಬ್ರೇಕಿನ ರೋಡ್ ಸೈಕಲ್ ಆದರೆ 28 ಮಿ.ಮೀ. ಅಗಲದವರೆಗೆ ಹೆಚ್ಚಾಗಿ ಹಿಡಿಯುತ್ತೆ, 35 ಕಷ್ಟ. ಇನ್ನು ರಿಮ್ಮಿನ ಒಳ ಅಗಲ. ರಿಮ್ಮಿನ ಮೇಲೆ 622 × 15, 622 × 19 ಅಂತ ಬರೆದಿರ್ತಾರೆ, ಕೊನೆಯದು ಒಳ ಅಗಲ. ಟೈರು ಅದರ ಒಂದೂವರೆಯಿಂದ ಎರಡೂವರೆ ಪಟ್ಟು ಅಗಲ ಇದ್ದರೆ ಚೆನ್ನ.

ಮುಳ್ಳಿನ ವಿಷಯ ಅಗಲಕ್ಕಿಂತ ಟೈರಿನ ಒಳಪದರಕ್ಕೆ ಸೇರಿದ್ದು. ಪಂಕ್ಚರ್ ತಡೆಯೋ ಪಟ್ಟಿ ಇರೋ 28 ತಗೊಳ್ಳಿ. ಮತ್ತೆ ಗಾಳಿ ಕಲ್ಲಿನ ಹಾಗೆ ತುಂಬಬೇಡಿ. 25ರಿಂದ 28ಕ್ಕೆ ಹೋದರೆ ಗಾಳಿ ಕಮ್ಮಿ ಸಾಕು, ಅರ್ಧ ಕುಲುಕಾಟ ಅಲ್ಲೇ ಹೋಗುತ್ತೆ. ಟೈರಿನ ಪಕ್ಕದಲ್ಲಿ ಬರೆದಿರೋ ಪಿಎಸ್‌ಐ ಗರಿಷ್ಠ ಮಿತಿ, ಅಷ್ಟು ತುಂಬಲೇಬೇಕು ಅಂತ ಅಲ್ಲ.

ಹರಿಹರದ_ಹುಡುಗ

ನನ್ನ ಎಂಟಿಬಿ 27.5. ಫ್ರೆಂಡ್‌ದು 29. ಅವನ ಚಕ್ರ ನನಗೆ ಹಾಕಿದರೆ ಸ್ಪೀಡ್ ಬರುತ್ತಾ?

ಕಡ್ಡಿ_ನಿಪ್ಪಲ್

27.5 ಅಂದರೆ 584, ಫ್ರಾನ್ಸಿನವರ ಹಳೇ ಹೆಸರಿನಲ್ಲಿ 650ಬಿ. ಅಂದರೆ ಮೇಲೆ ಬಂದ 26 × 1½ರ ಅದೇ ರಿಮ್ ಅಳತೆ, ದಪ್ಪ ಟೈರು ಹಾಕಿ ಹೊಸ ಹೆಸರು ಕೊಟ್ಟಿದ್ದಾರೆ. 29 ಅಂದರೆ 622, ಅದೇ 700ಸಿ. 584ಕ್ಕೆ 57ರ ಎರಡು ಪಟ್ಟು ಸೇರಿಸು, 698, ಅದು 27.5 ಇಂಚು. 622ಕ್ಕೆ ಸೇರಿಸು, 736, ಅದು 29 ಇಂಚು. ಇನ್ನೊಂದು ತಮಾಷೆ ನೋಡು. ಎನ್‌ಎಚ್48_ಸವಾರ ಅವರ 25-622 ಚಕ್ರ ಹೊರಗಿನಿಂದ 672 ಮಿ.ಮೀ. ಹೆಸರಿಗೆ 28 ಇಂಚು, ಅಳೆದರೆ ನಿನ್ನ 27.5ಕ್ಕಿಂತ ಚಿಕ್ಕದು.

ನಿನ್ನ ಫ್ರೇಮಿಗೆ 29 ಹೆಚ್ಚಾಗಿ ಹಿಡಿಯಲ್ಲ, ಫೋರ್ಕಿನಲ್ಲಿ ತಾಗುತ್ತೆ. ಹಿಡಿದರೂ ಅದೇ ಗೇರಿನಲ್ಲಿ ಪೆಡಲ್ ಭಾರ ಆಗುತ್ತೆ, ಜೋಗಿಮಟ್ಟಿ ಏರಿನಲ್ಲಿ ಬಾಯಿಗೆ ಬರುತ್ತೆ ಉಸಿರು. ದೊಡ್ಡದರಿಂದ ಚಿಕ್ಕದಕ್ಕೆ ಹೋಗೋದು ಇನ್ನೂ ಆಗುತ್ತೆ, ಡಿಸ್ಕ್ ಬ್ರೇಕ್ ಇದ್ದರೆ ಮಾತ್ರ. ರಿಮ್ ಬ್ರೇಕ್ ಆದರೆ ರಬ್ಬರ್ ರಿಮ್ಮಿಗೇ ಸಿಗಲ್ಲ.

ಚಂದ್ರವಳ್ಳಿ_ತೋಟ

ನನ್ನ ಸೈಕಲ್ಲಿನ ಮೀಟರ್ ಯಾವಾಗಲೂ ಜಾಸ್ತಿ ತೋರಿಸುತ್ತೆ. ಜೊತೆಗೆ ಬಂದವರಿಗೆ ಮೊಬೈಲಿನಲ್ಲಿ 60 ಕಿ.ಮೀ., ನನಗೆ 63. ಇದಕ್ಕೂ ಟೈರಿಗೂ ಸಂಬಂಧ ಇದೆಯಾ? ನನ್ನದು 37-590.

ಜೋಗಿಮಟ್ಟಿ_ಏರು

ಇದೆ. ಮೀಟರ್‌ನಲ್ಲಿ ಚಕ್ರದ ಸುತ್ತಳತೆ ಹಾಕಿರ್ತಾರೆ. ಹಾಕಿದವರು 700ಸಿ ಅಂತ ಬಿಟ್ಟಿದ್ದಾರೆ ಅನ್ಸುತ್ತೆ. ಎರಡನೇ ನಂಬರಿಗೆ ಮೊದಲನೆಯದರ ಎರಡು ಪಟ್ಟು ಸೇರಿಸಿ, 3.14ರಿಂದ ಗುಣಿಸಿ. ನಿಮ್ಮದು 590ಕ್ಕೆ 74 ಸೇರಿಸಿದರೆ 664, ಸುತ್ತಳತೆ 2086 ಹತ್ತಿರ. 37-622 ಆದರೆ 2187. ಮೀಟರ್‌ನಲ್ಲಿ 2187 ಇದ್ದರೆ ನಿಮ್ಮ 60 ಕಿ.ಮೀ. 63 ಹತ್ತಿರ ಹೋಗುತ್ತೆ. ಲೆಕ್ಕ ಸರಿ ಹೊಂದುತ್ತೆ ನೋಡಿ. ಇನ್ನೂ ನಿಖರ ಬೇಕಾದರೆ ಟೈರಿಗೆ ಸುಣ್ಣದ ಚುಕ್ಕೆ ಇಟ್ಟು, ಸೈಕಲ್ ಮೇಲೆ ಕೂತು ಒಂದು ಸುತ್ತು ಉರುಳಿಸಿ ನೆಲದಲ್ಲಿ ಅಳೆಯಿರಿ. ಕೂತಾಗ ಟೈರು ತಗ್ಗುತ್ತೆ, ಹಾಗಾಗಿ ಕೆಲವು ಮಿ.ಮೀ. ಕಮ್ಮಿ ಬರುತ್ತೆ.

ಚಂದ್ರವಳ್ಳಿ_ತೋಟ

ಅಯ್ಯೋ, ಇಷ್ಟು ದಿನ ನಾನೇ ಎಲ್ಲರಿಗಿಂತ ಜಾಸ್ತಿ ಓಡಿಸ್ತೀನಿ ಅಂದ್ಕೊಂಡಿದ್ದೆ. ಮೀಟರ್ ಬದಲಾಯಿಸಲ್ಲ ಬಿಡಿ, ಹಾಗೇ ಇರಲಿ.

ಬಾತಿಗುಡ್ಡ

ಟ್ಯೂಬಿಗೂ ಇದೇ ಕಾಟನಾ? ಟ್ಯೂಬ್ ಡಬ್ಬಿ ಮೇಲೂ ಸಾಲು ಸಾಲು ನಂಬರ್.

ಕಡ್ಡಿ_ನಿಪ್ಪಲ್

ಟ್ಯೂಬ್ ರಬ್ಬರ್ ತಾನೇ, ಹಿಗ್ಗುತ್ತೆ. ಅದಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. 700 × 35-43 ಅಂತ ಬರೆದ ಟ್ಯೂಬ್ ಅಪ್ಪನ 635ಕ್ಕೂ ನಡೆಯುತ್ತೆ. ದಾರಿಯಲ್ಲಿ ಪಂಕ್ಚರ್ ಆದರೆ 27.5ರ ಟ್ಯೂಬನ್ನ 29ಕ್ಕೆ ಹಾಕಿಕೊಂಡು ಮನೆಗೆ ಬರಬಹುದು. ಅಗಲ ಮಾತ್ರ ಡಬ್ಬಿಯಲ್ಲಿ ಬರೆದ ಮಿತಿಯೊಳಗೆ ಇರಲಿ.

ಟ್ಯೂಬಿನಲ್ಲಿ ನೋಡಬೇಕಾದ್ದು ವಾಲ್, ಗಾಳಿ ಹೊಡೆಯೋ ಮೂತಿ. ಕರಿ ಸೈಕಲ್ಲಿನದು ಒಳಗೆ ವಾಲ್‌ಟ್ಯೂಬ್ ರಬ್ಬರ್ ಇರೋ ವಾಲ್, ಎಂಟಿಬಿಯದು ಬೈಕಿನ ತರಹದ ದಪ್ಪ ವಾಲ್, ರೋಡ್ ಸೈಕಲ್ಲಿನದು ಸಪೂರದ ಪ್ರೆಸ್ಟಾ. ದಪ್ಪ ವಾಲಿಗೆ ರಿಮ್ಮಿನ ತೂತು 8.5 ಮಿ.ಮೀ., ಪ್ರೆಸ್ಟಾಗೆ 6.5. ಸಪೂರದ್ದು ದೊಡ್ಡ ತೂತಿಗೆ ವಾಷರ್ ಹಾಕಿ ಕೂರಿಸಬಹುದು, ದಪ್ಪದ್ದು ಸಣ್ಣ ತೂತಿಗೆ ಹೋಗಲ್ಲ. ಡ್ರಿಲ್ ಹಿಡಿದು ತೂತು ದೊಡ್ಡದು ಮಾಡೋಣ ಅನ್ನುವವರಿದ್ದಾರೆ, ರೋಡ್ ಸೈಕಲ್ಲಿನ ತೆಳು ರಿಮ್ಮಿಗೆ ಆ ಕೆಲಸ ಬೇಡ. ಹೈವೇ ಪಕ್ಕದ ಲಾರಿ ಪಂಕ್ಚರ್ ಅಂಗಡಿಯಲ್ಲಿ ಪ್ರೆಸ್ಟಾಗೆ ಗಾಳಿ ಹೊಡೆಯೋ ಬಾಯಿ ಸಿಗಲ್ಲ. ಅದಕ್ಕೆ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಬರುತ್ತೆ, ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ.

ಪಿಜೆ_ಬಡಾವಣೆ

ಅಪ್‌ಡೇಟ್. ಅಂಗಡಿಯವರು ಗೊಣಗದೆ ಟೈರು ವಾಪಸ್ ತಗೊಂಡರು. ಬೇರೆ ಕಡೆ 40-635 ಜೋಡಿ ಸಿಕ್ಕಿತು. ಮುಂದಿನದು ಲಿವರ್ ಇಲ್ಲದೆ ಕೈಯಲ್ಲೇ ಕೂತಿತು, ಸುತ್ತಲಿನ ಗೆರೆಯೂ ಸಮ ಇದೆ. ಹಿಂದಿನ ರಿಮ್ ಮಾತ್ರ ಒಳಗೆಲ್ಲ ತುಕ್ಕು, ಒಂದು ಕಡೆ ತೂತೇ ಬಿದ್ದಿದೆ. ಹೊಸ ರಿಮ್ ಬೇಕು. 635 ಅಂತ ಕೇಳಿದರೆ ಸಾಕಾ?

ಮಂಡಿಪೇಟೆ_ಹಳಬ

ಸಾಲದು. ಕಡ್ಡಿ ಎಣಿಸಿಕೊಂಡು ಹೋಗಿ. ಕರಿ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 32, ಹಿಂದೆ 40. ಕೆಲವಕ್ಕೆ ಎರಡೂ ಕಡೆ 36. ಹಬ್ಬಿನಲ್ಲಿ, ಅಂದರೆ ಚಕ್ರದ ನಡುವಿನ ಗುಂಬದಲ್ಲಿ, 40 ತೂತು ಇದ್ದರೆ ರಿಮ್ಮಿನಲ್ಲೂ 40 ಇರಲೇಬೇಕು.

ಪಿಜೆ_ಬಡಾವಣೆ

ಎಣಿಸಿದೆ, ಹಿಂದೆ 40. ಹಳೇ ಕಡ್ಡಿಗಳನ್ನೇ ಹಾಕಬಹುದಾ?

ಮಂಡಿಪೇಟೆ_ಹಳಬ

ರಿಮ್ಮು ಅದೇ ನಮೂನೆ ಆದರೆ ಉದ್ದ ಸರಿ ಹೋಗುತ್ತೆ. ಆದರೆ ನಿಪ್ಪಲ್ (ಕಡ್ಡಿಯನ್ನ ರಿಮ್ಮಿಗೆ ಬಿಗಿಯೋ ಸಣ್ಣ ನಟ್ಟು) ತುಕ್ಕು ಹಿಡಿದಿದ್ದರೆ ಬಿಚ್ಚುವಾಗ ಕಡ್ಡಿ ಮುರಿಯುತ್ತೆ, ಹೊಸ ಸೆಟ್ಟೇ ಹಾಕಿಸಿ, ಬೆಂಡ್ ತೆಗೆಯೋದೂ ಸುಲಭ. ಒಂದು ಕಡ್ಡಿ ಬಿಚ್ಚಿ ಜೊತೆಗೆ ತಗೊಂಡು ಹೋಗಿ, ಅದರಷ್ಟೇ ಉದ್ದದ್ದು ಕೊಡ್ತಾರೆ. ರಿಮ್ ಟೇಪು ಮರೀಬೇಡಿ, ಇಲ್ಲದಿದ್ದರೆ ನಿಪ್ಪಲ್ ತಲೆ ಹೊಸ ಟ್ಯೂಬನ್ನ ಒಳಗಿನಿಂದ ಕೊರೆಯುತ್ತೆ.